ಕಾಲಿನ ದನಿ

ಕಲ್ವರ್ ಸಿಟಿಯ ಮೂರನೇ ಷೆಡ್ಡು. ಕಿಟಕಿಗೆಲ್ಲ ಕಂಬಳಿ.
ಪರದೆಯ ಮೇಲೆ ನಾಯಕಿ ಕುಣಿಯುತ್ತಾಳೆ ತುಟಿಪಿಟಕ್ಕೆನ್ನದೆ,
ಕಾಲೂ ಮೂಕ.
ಕೆಳಗೆ ಹಲಗೆಯ ಮೇಲೆ ವಿಲ್ಮಾ ಟ್ರಾಸ್ಕ್,
ಗಂಡನ ಹಳೇ ಸ್ವೆಟರು, ತಳಕ್ಕೆ ತಗಡು ಹೊಡೆಸಿದ ಬೂಟು:
ಟಕ, ಟಕಟಕ, ಟಕ್.

ಆರನೇ ಸುತ್ತಿನಲ್ಲಿ ನಾಯಕಿ ಎಡವುತ್ತಾಳೆ.
ಅರ್ಧ ಮಾತ್ರೆ ತಡ.
‘ಅದೂ ಬೇಕು’ ಅಂದ ರೆಕಾರ್ಡಿಂಗಿನವನು, ಸ್ಯಾಂಡ್‌ವಿಚ್ಚು ಜಗಿಯುತ್ತ.
ಹದಿನಾಲ್ಕು ವರ್ಷ ತಾಳ ತಪ್ಪದ ಕಾಲಿಗೆ
ತಪ್ಪು ಕಲಿಸಲು
ಮಧ್ಯಾಹ್ನ ಪೂರ್ತಿ ಹಿಡಿಯಿತು.

ಶನಿವಾರ, ಬಾಲ್ಕನಿಯ ಅಗ್ಗದ ಸೀಟು.
ಎಡವಿದಲ್ಲಿ ಥಿಯೇಟರು ಗೊಳ್ಳೆಂದಿತು.
ಪಕ್ಕದ ಮುದುಕ ಕಣ್ಣೊರೆಸಿಕೊಂಡು,
‘ಎಂಥಾ ಕಾಲು ಕಣಮ್ಮಾ ಅವಳದು!’
ವಿಲ್ಮಾ ಹೂಂಗುಟ್ಟಿದಳು.
ಸೀಟಿನಡಿ ಬೂಟು ಕಳಚಿ
ಊದಿದ ಹೆಬ್ಬೆರಳಿಗೆ
ಒಂದಿಷ್ಟು ಗಾಳಿ ಕೊಟ್ಟಳು.