ಎಂಟು ಎಣಿಸುವಷ್ಟರಲ್ಲಿ

ಭಾನುವಾರ ಸಂಜೆ, ಹಾಸನದ ಸಾಲಗಾಮೆ ರಸ್ತೆ.
ದಾಕ್ಷಾಯಣಮ್ಮನವರ ನಡುಮನೆಯಲ್ಲಿ
ಮೂವತ್ತು ವರ್ಷದ ಫ್ರಿಜ್ಜು
ಗೋಡೆಗೆ ಮುಖ ಮಾಡಿ ನಿಂತಿದೆ,
ಮೇಷ್ಟ್ರು ನಿಲ್ಲಿಸಿ ಮರೆತ ಹುಡುಗನ ಹಾಗೆ.

ಒಳಗೆ ದೋಸೆಹಿಟ್ಟಿನ ಅರವತ್ತು ಪೊಟ್ಟಣ.
ನಾಳೆ ಆರಕ್ಕೆ ಹಾಲಿನ ಬೂತಿಗೆ, ಎರಡು ಪೀಜಿಗೆ ಹೋಗಬೇಕು.
"ಬೆಳಗ್ಗೆಯಿಂದ ಹೀಗೇ" ಅನ್ನುತ್ತಾ
ಒಂದು ಪೊಟ್ಟಣ ಒತ್ತಿ ನೋಡುತ್ತಾರೆ, ಮತ್ತೆ ಒತ್ತುತ್ತಾರೆ,
ಕೂಸಿನ ಹೊಟ್ಟೆಯುಬ್ಬರ ನೋಡುವಂತೆ.
ಹಿಟ್ಟಿಗೆ ಯಾರ ಅಪ್ಪಣೆಯೂ ಬೇಡ.
ಅದು ಏಳುತ್ತಲೇ ಇದೆ.

ಪ್ಲಗ್ ಹಾಕಿದೆ.
ಹೂಂ... ಎಂದಿತು ಕಂಪ್ರೆಸರ್,
ಏಳಲಾರದವರು ಮಂಡಿಗೆ ಕೈಯೂರಿ ಅನ್ನುವ ಹೂಂ.
ಎಂಟು ಎಣಿಸುವಷ್ಟರಲ್ಲಿ
ಟಕ್.
ಮೂರು ನಿಮಿಷ ಮೌನ. ಮತ್ತೆ ಹೂಂ. ಮತ್ತೆ ಟಕ್.

ಕರೆಂಟು ಇನ್ನೂರ ಹದಿನಾಲ್ಕು, ತಪ್ಪು ಅದರದ್ದಲ್ಲ.
ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಮೂರು ಪಿನ್ನಿಗೂ ಮೀಟರ್ ಹಿಡಿದೆ:
ಓಡಿಸುವ ಸುತ್ತು ಹನ್ನೆರಡು, ಎಬ್ಬಿಸುವ ಸುತ್ತು ಇಪ್ಪತ್ತು,
ತುದಿಯಿಂದ ತುದಿಗೆ ಮೂವತ್ತೆರಡು.
ಲೆಕ್ಕ ಕೂಡಿತು. ಮೈಗೆಲ್ಲೂ ತಾಗಿಲ್ಲ.
ಜೀವ ಇದೆ, ಎಬ್ಬಿಸುವವರಿಲ್ಲ.

ರಿಲೇ ಕಿತ್ತು ಕಿವಿಯ ಬಳಿ ಅಲ್ಲಾಡಿಸಿದೆ.
ಗಿಲಕಿಯಂತೆ ಒಳಗೊಂದು ಗುಂಡು ಮಾತಾಡಬೇಕು.
ಇಲ್ಲ.
ಈಗಿನ ಬಿಲ್ಲೆ ರಿಲೇ ಇದಕ್ಕೆ ಒಗ್ಗದು,
ಹಳೇ ಸುರುಳಿಯದ್ದೇ ಬೇಕು.
ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆ ಎಲ್ಲ ಶಟರೂ ಕೆಳಗೆ.

ಎಂಟು ತಿಂಗಳಿಂದ ಒತ್ತದ ನಂಬರು ಒತ್ತಿದೆ.

ಪೆನ್ಷನ್ ಮೊಹಲ್ಲಾದ ಖಲಂದರ್ ಉಸ್ತಾದರಿಗೆ,
ಅವರ ಎದುರು ಸಾಲಿನಲ್ಲೇ ನಾನು ಬೋರ್ಡು ತೂಗಿದ ದಿನದಿಂದ,
ಎದುರೆದುರು ನಡೆದರೂ ನಾನು ಕಾಣಿಸುತ್ತಿರಲಿಲ್ಲ.
ಕಣ್ಣಿಗೆ ಪೊರೆ ಬಂದಿದೆ ಎಂದು
ಕೇಳಿದವರಿಗೆಲ್ಲ ನಾನೇ ಹೇಳಿಕೊಂಡು ಬಂದೆ.

ಎತ್ತಿದರು. ಹಲೋ ಅನ್ನಲಿಲ್ಲ. ನಾನೂ.
ಸತ್ತ ರಿಲೇಯನ್ನೇ ಮತ್ತೆ ಸಿಕ್ಕಿಸಿ, ಪ್ಲಗ್ ಹಾಕಿ
ಫೋನನ್ನು ಕಂಪ್ರೆಸರ್ ಬೆನ್ನಿಗೆ ಹಿಡಿದೆ.
ಹೂಂ...
ಆ ಕಡೆ ಒಂದು ಉಸಿರು ಎಣಿಸುತ್ತಿತ್ತು.
ಟಕ್.

"ಎಂಟು" ಅಂದರು. "ಸುತ್ತು ನೋಡಿದೆಯಾ, ಧರಣೇಂದ್ರ?"
"ಕೂಡಿತು."
"ಬಿಲ್ಲೆ ಹಾಕಿ ಕೊಂದುಗಿಂದೀಯ."
"ಬೇರೆ ಇಲ್ಲ ಉಸ್ತಾದ್."
ಅವರ ಅಡುಗೆಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದ ಸದ್ದು.
"ಇದೆ" ಅಂದರು. "ನಿನ್ನ ಚೀಲದ ಅಡಿ ಜೇಬಲ್ಲಿ.
ಹಸಿರು ಬಟ್ಟೇಲಿ ಸುತ್ತಿದ್ದು."

ನನ್ನ ಮುಖ ಏನಾಗಿತ್ತೋ,
ದಾಕ್ಷಾಯಣಮ್ಮ ಪೊಟ್ಟಣ ಒತ್ತುವುದನ್ನು ನಿಲ್ಲಿಸಿದರು.

ಕೊನೆಯ ಸಂಜೆ, ಅವರು ನಮಾಜಿಗೆ ಹೋದಾಗ,
ಗಲ್ಲಾದಿಂದ ಎಂದೂ ಬಿಡಿಗಾಸು ಮುಟ್ಟದ ನಾನು
ಮೇಲಿನ ಹಲಗೆಯ ಬಿಸ್ಕತ್ತಿನ ಡಬ್ಬದಿಂದ
ಇದೊಂದನ್ನು ಎತ್ತಿದ್ದೆ.
ಯಾಕೆಂದು ಆಗಲೂ ಗೊತ್ತಿರಲಿಲ್ಲ. ಮಾರಲಿಲ್ಲ, ಯಾವುದಕ್ಕೂ ಹಾಕಲಿಲ್ಲ.
ಅವರು ಉಜ್ಜಿ ಹೊಳಪಿಟ್ಟ ಹಿತ್ತಾಳೆ ತುದಿಗಳು
ಬಟ್ಟೆಯೊಳಗೆ ಹಾಗೇ ಇದ್ದವು.

"ಬಾಣದ ಗುರುತು ಮೇಲಕ್ಕೆ" ಅಂದರು,
ಹದಿನಾರರ ಹುಡುಗನಿಗೆ ಅಂದಿದ್ದ ದನಿಯಲ್ಲೇ.

ಕೂರಿಸಿದೆ. ಪ್ಲಗ್.
ಹೂಂ ಪೂರ್ತಿಯಾಗುವ ಮೊದಲೇ ಒಂದು ಟಿಕ್,
ಒಮ್ಮೆ ಮೈ ಕೊಡವಿ
ಓಡತೊಡಗಿತು.

ಒಂಬತ್ತು ಪೊಟ್ಟಣ ಕೈಬಿಟ್ಟವು.
"ಹುಳಿ ದೋಸೆ ತಿನ್ನೋರಿಗೇನು ಬರವಾ" ಎಂದು
ದಾಕ್ಷಾಯಣಮ್ಮ ಕಾಂಪೌಂಡಿನಾಚೆ ಕೂಗಿ ಕರೆಯುತ್ತಿದ್ದರು.

ಹೇಳಿ ಫೋನಿಡೋಣವೆಂದು ಬಗ್ಗಿದೆ.
ನೆಲದ ಮೇಲೆ, ಕಂಪ್ರೆಸರ್ ಪಕ್ಕ, ಅದರ ಬೆಳಕು ಆರಿರಲಿಲ್ಲ.
ಹದಿನಾಲ್ಕು ನಿಮಿಷ. ಸೆಕೆಂಡು ಏರುತ್ತಲೇ ಇತ್ತು.
ಅವರು ಕೇಳುತ್ತಿದ್ದರು.

ಮುಚ್ಚಳದ ಸ್ಕ್ರೂಗಳನ್ನು
ಒಂದೊಂದಾಗಿ ತಿರುಗಿಸಿದೆ,
ಸದ್ದಾಗದಂತೆ.