ಮೂವತ್ತೆಂಟು ಕಿಲೊ ಬಟ್ಟಲು

ಶಹಾಪುರದ ಸರಾಫರ ಓಣಿಯಲ್ಲಿ ನಮ್ಮದು ಟಂಚ್ ಅಂಗಡಿ.
ಯಾರದೋ ಪಾಟಲಿಯ ಅಂಚಿನಿಂದ ಕಾಲು ಗ್ರಾಮು ಕೆರೆದು
ಸೀಸದ ಹಾಳೆಯಲ್ಲಿ ವೀಳ್ಯದಂತೆ ಮಡಿಚಿ
ಎಲುಬಿನ ಬೂದಿಯ ಬಟ್ಟಲಲ್ಲಿಟ್ಟು ಭಟ್ಟಿಗೆ ಕೊಡುತ್ತೇನೆ.
ಸೀಸ ಕರಗುತ್ತದೆ, ತಾಮ್ರವನ್ನು ತಬ್ಬುತ್ತದೆ,
ತಬ್ಬಿಕೊಂಡೇ ಬಟ್ಟಲಿನ ಒಡಲಿಗಿಳಿಯುತ್ತದೆ.
ಕಟ್ಟಕಡೆಗೆ ಒಂದು ಮಿಂಚು,
ರೆಪ್ಪೆ ಬಡಿದರೆ ತಪ್ಪಿಹೋಗುವಂಥದು.
ಉಳಿದ ಗುಂಡು, ಸಾಸಿವೆಗಿಂತ ತುಸು ದಪ್ಪ,
ನಿಜ ಹೇಳುತ್ತದೆ.
ಗಿರಾಕಿ ಚೀಟಿ ಓದಿಕೊಂಡು ಹೋಗುತ್ತಾನೆ.
ಬಟ್ಟಲನ್ನು ಯಾರೂ ಕೇಳುವುದಿಲ್ಲ.

ಅಪ್ಪ ಹಿತ್ತಲಿಗೆ ಎಸೆಯುತ್ತಿದ್ದ.
ಪೇರಲ ಗಿಡದ ಬುಡದ ತುಂಬ ಹಳದಿ ಚೂರು;
ನಾನೂ ತಂಗಿ ಸುಮಿತ್ರೆಯೂ ಅದರಲ್ಲೇ ಅಡುಗೆಯಾಟ ಆಡಿದೆವು.
ಮಳೆ ತೊಳೆದದ್ದು ಬಳ್ಳಾರಿ ನಾಲೆಗೆ,
ಅಲ್ಲಿಂದ ವಡಗಾವಿಯ ಭತ್ತಕ್ಕೆ.
ಕೊನೆಗಾಲಕ್ಕೆ ಅವನ ಮಣಿಕಟ್ಟು ಜೋತುಬಿತ್ತು.
ಕೈಮುಗಿಯಬೇಕಾದರೆ
ಎಡಗೈಯಿಂದ ಬಲಗೈ ಎತ್ತಿಕೊಳ್ಳುತ್ತಿದ್ದ.
ವಾತ ಅಂದರು. ಎಣ್ಣೆ ತಿಕ್ಕಿದೆವು.

ಈಗ ನಾನು ಪೊರಕೆ ಮುಟ್ಟುವುದಿಲ್ಲ.
ಒದ್ದೆ ಅರಿವೆಯಿಂದ ಒರೆಸಿ, ಆ ಅರಿವೆಯನ್ನೂ
ಬಟ್ಟಲುಗಳ ಜೊತೆ ಡ್ರಮ್ಮಿಗೆ ಹಾಕಿ
ಮುಚ್ಚಳ ಬಿಗಿದು ತಾರೀಖು ಬರೆಯುತ್ತೇನೆ.

ಝಾರೇಕರಿ ಶಮಶಾದ್‌ಬಿ ಬೋಗುಣಿ ಹಿಡಿದು ಬಂದಳು.
"ಬರೇ ಕಸಾ ಕೊಟ್ರ ಹೆಂಗ್ರಿ, ಪೋತದಾರ ಬಾಯಿ?
ಆ ಬಟ್ಲಾನೂ ಕೊಡ್ರಿ. ಕುಟ್ಟಿ ತೊಳದ್ರ
ಎಳ್ಳಷ್ಟರ ಬೆಳ್ಳಿ ಸಿಗತೈತಿ."
ಕೊಡೂದಿಲ್ಲ ಅಂದೆ.
"ನಮ್ಮವ್ವ ನಾಲಿಗಿ ಮ್ಯಾಲ ಇಟ್ಟು ನೋಡಾಕಿ.
ಬಂಗಾರಕ್ಕ ರುಚಿ ಇಲ್ಲಂತ.
ನಿಮ್ಮಪ್ಪನ ಬಟ್ಲದ ಪುಡಿ ಅಷ್ಟ
ಸೀ ಇರತಿತ್ತಂತ."

ಅವಳವ್ವ ಎಷ್ಟು ವರ್ಷ ಬದುಕಿದ್ದಳು ಎಂದು
ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಮೂರರ ಸುಮಾರಿಗೆ ಪರವಾನಗಿ ಲಾರಿ ಬಂತು.
ಗುಂಜಿ ಲೆಕ್ಕ ಹಿಡಿದು ಜಗಳಾಡುವ ಈ ಓಣಿಯಲ್ಲಿ
ಕೊಡುವವಳೇ ದುಡ್ಡನ್ನೂ ಕೊಡುವ ತೂಕ:
ಮೂವತ್ತೆಂಟು ಕಿಲೊ.
ಮುಖಕ್ಕೆ ವಸ್ತ್ರ ಕಟ್ಟಿದ ಹುಡುಗ ಸಹಿ ಹಾಕಿಸಿಕೊಂಡ.
ಪೇರಲ ಬುಡದ ಮಣ್ಣನ್ನೂ ಒಯ್ಯುತ್ತೀರಾ ಅಂದೆ.
ಅದಕ್ಕೆ ಬೇರೆ ಅರ್ಜಿ, ಅಂದ.

ಶಮಶಾದ್‌ಬಿ ಕಟ್ಟೆಯ ಮೇಲೆ ಕೂತೇ ಇದ್ದಳು.
"ಎಲ್ಲಿಗಿ ಒಯ್ತಾರ?"
ಸೀಸಾ ಬ್ಯಾರೆ ಮಾಡೂ ಕಾರ್ಖಾನಿಗಿ.
"ಅಲ್ಲಿ ಕುಟ್ಟವ್ರ ಯಾರು?"

ರಸೀದಿ ಮಗುಚಿ ನೋಡಿದೆ.
ಹಿಂಬದಿ ಖಾಲಿ ಇತ್ತು.