ಮೂವತ್ತೊಂದನೆಯ ನಂಬರು

ಗುಂಪು ಕಟ್ಟಿದ್ದು ನಾನೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರು
ಟೀ ಅಂಗಡಿ ಬೆಂಚಿನ ಮೇಲೆ, ಹರಾಜು ಮುಗಿಯುವಷ್ಟರಲ್ಲಿ.
ಹುಳು ಸಾಕುವವರು, ನೂಲು ಬಿಚ್ಚುವವರು, ಸೊಪ್ಪು ಮಾರುವವರು,
ಒಟ್ಟು ಇನ್ನೂರ ಹದಿನಾರು.

ಆಗ ಮಾತು ಮೆಲ್ಲಗೆ ಬರುತ್ತಿತ್ತು.
ಪಿಳ್ಳಪ್ಪ ಬೆಳಗ್ಗೆ ಹಾಕಿದ ಫೋಟೋಗೆ
(ಮೈ ಉಬ್ಬಿ, ತಟ್ಟೆಯ ಅಂಚಿಗೆ ತೆವಳುವ ಹುಳು)
ಸಂಜೆ ಯಾರೋ, "ಹಾಲುತೊಂಡೆ ಇರಬೇಕು."
ಇನ್ಯಾರೋ, "ಇರಲಾರದು."
ಚಾಂದ್ ಪಾಷ ಒಂದು ಬೈಗುಳ, ಒಂದು ರೇಟು.
ಮಳ್ಳೂರಿನ ಅಕ್ಕಾಯಮ್ಮ ಮಾತ್ರ ಮಾರನೇ ದಿನ,
ಕೋಳಿ ಸದ್ದಿನ ನಡುವೆ, ಬಾಯಿಮಾತಲ್ಲಿ:
"ಸೊಪ್ಪು ಒದ್ದೆ ಇತ್ತೇನಪ್ಪ? ಕಿಟಕಿ ಯಾವ ಕಡೆ?
ನಂಗೂ ಸರಿಯಾಗಿ ಗೊತ್ತಿಲ್ಲ."

ಆಮೇಲೆ ಬಂದವು.
ಹೂವಿನ ಚಿತ್ರ, ನಗುವ ಮುಖ, ಎಂದೂ ಕೇಳದ ಊರ ಹೆಸರು.
ಪ್ರಶ್ನೆ ಮುಗಿಯುವ ಮೊದಲೇ ಉತ್ತರ.
ನಾಲ್ಕನೇ ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದೆಂದು
ಇಲ್ಲಿ ಮಗುವಿಗೂ ಗೊತ್ತು;
ಅವು "ಪೌಷ್ಟಿಕ ಆಹಾರ ಮುಂದುವರಿಸಿ" ಎಂದವು,
ತಮ್ಮತಮ್ಮಲ್ಲೇ ಧನ್ಯವಾದ ಹೇಳಿಕೊಂಡವು.
ಒಂದೆಲೆ ತಿನ್ನದ ಬಾಯಿಗಳು
ರಾತ್ರಿಯಿಡೀ ನೂಲು ಬಿಟ್ಟವು.

ಪಿಳ್ಳಪ್ಪ ಫೋಟೋ ಹಾಕುವುದು ನಿಲ್ಲಿಸಿದ.
ಚಾಂದ್ ಪಾಷ ಬೈಯುವುದನ್ನೂ ಬಿಟ್ಟ:
"ಬೈದ್ರೆ ಕ್ಷಮೆ ಕೇಳ್ತವೆ. ಏನು ಮಜಾ?"

ಒಂದು ಭಾನುವಾರ ಕೂತು ಕಿತ್ತೆ,
ಸುಣ್ಣಕಟ್ಟಿದ ಹುಳು ಆರಿಸುವ ಹಾಗೆ ಒಂದೊಂದೇ.
ಗುರುತು ಇಷ್ಟೇ: ಹೊಸ ನಂಬರು, ತಪ್ಪಿಲ್ಲದ ಅಕ್ಷರ,
"ನಮಸ್ಕಾರ" ಅಂತ ಶುರು, ಕೊನೆಗೊಂದು ಪೂರ್ಣವಿರಾಮ.
ಮೂವತ್ತೊಂದು ಹೋದವು. ಚೆನ್ನಾಗಿ ನಿದ್ದೆ ಬಂತು.

ಗುರುವಾರ ಹರಾಜಿನಲ್ಲಿ, ಲಾಟಿನ ಪಕ್ಕ, ಅಕ್ಕಾಯಮ್ಮ.
ಕತ್ತಿಗೆ ಪಟ್ಟಿ. ಗಂಟಲು ಆಪರೇಷನ್ ಆಗಿ ಎರಡು ತಿಂಗಳು.
ಒಂಬತ್ತನೇ ಕ್ಲಾಸಿನ ಮೊಮ್ಮಗಳು ಹೇಳಿದಳು:
"ಅಜ್ಜಿ ಸ್ಲೇಟಲ್ಲಿ ಬರೀತಾರೆ, ನಾನು ತಿದ್ದಿ
ನನ್ನ ನಂಬರಿಂದ ಕಳಿಸ್ತಿದ್ದೆ. ತೆಗೆದುಬಿಟ್ರಿ.
ಪೂರ್ಣವಿರಾಮ ಮರೀಬಾರ್ದು ಅಂತ ಮೇಷ್ಟ್ರು ಹೇಳವ್ರೆ."

ಅಲ್ಲೇ ನಿಂತು ಫೋನಿನಲ್ಲಿ ಹಿಂದಕ್ಕೆ, ಹಿಂದಕ್ಕೆ ಹೋದೆ.
"ನಮಸ್ಕಾರ. ಕಿಟಕಿ ಯಾವ ಕಡೆಗಿದೆ?
ನನಗೂ ಸರಿಯಾಗಿ ಗೊತ್ತಿಲ್ಲ."

ಅಕ್ಕಾಯಮ್ಮ ಬುಟ್ಟಿಯಿಂದ ಒಂದು ಗೂಡು ಎತ್ತಿದಳು,
ಕಿವಿ ಹತ್ತಿರ ಅಲ್ಲಾಡಿಸಿದಳು,
ಆಮೇಲೆ ನನ್ನ ಕಿವಿಗೆ ಹಿಡಿದಳು.

ಟಕ್. ಟಕ್.